ನಿಮ್ಮ ಕೈಗೆ ಬೇಕಾದಷ್ಟು ಸಮಯ

ಅಪ್ಪನ ಎಡಗೈಯ ತೋರುಬೆರಳು ಕೀಲಿಮಣೆಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಯಾವ ಕೀಲಿಗೆ ಇಳಿಯಬೇಕೆಂದು ಅದಕ್ಕೆ ಗೊತ್ತಿತ್ತು, ಇಳಿಯುವುದು ಮಾತ್ರ ಆಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಅವಳಿಗೆ, ತನ್ನ ಬೆರಳುಗಳು ಲೋಟದ ಮೈಮೇಲೆ ಆ ಅಕ್ಷರವನ್ನು ಆಗಲೇ ಒತ್ತಿ ಮುಂದಿನದಕ್ಕೆ ಹೋಗಿವೆಯೆಂದು ತಿಳಿದು ನಾಚಿಕೆಯಾಯಿತು. ಹೋಗಿ ಅರ್ಜಿ ತುಂಬಿಕೊಡುವಂತಿರಲಿಲ್ಲ. ಅಪ್ಪ ಚಿಕಿತ್ಸೆಗೆ ಹೋಗಬೇಕಿದ್ದದ್ದು ಸ್ವಾಧೀನ ತಪ್ಪಿದ ಕೈಕಾಲುಗಳಿಗೆ ಮತ್ತೆ ಚಲನೆ ಕಲಿಸುವ ಆಸ್ಪತ್ರೆಗೆ. ಅಲ್ಲಿಗೆ ಸೇರಬೇಕಾದವರು ವೆಬ್‌ಸೈಟಿನಲ್ಲಿ ತಮ್ಮ ಅರ್ಜಿಯನ್ನು ತಾವೇ ತುಂಬಬೇಕೆಂಬುದು ದೊಡ್ಡ ಡಾಕ್ಟರಮ್ಮ ಹಾಕಿಕೊಟ್ಟ ಕ್ರಮ. ಇದೇ ನಿಮ್ಮ ಮೊದಲ ವ್ಯಾಯಾಮ ಎಂದು ಪುಟದ ತಲೆಯಲ್ಲೇ ಬರೆದಿತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಅವಸರವಿಲ್ಲ. ನಿಮ್ಮ ಕೈಗೆ ಬೇಕಾದಷ್ಟು ಸಮಯ ತೆಗೆದುಕೊಳ್ಳಿ’ ಎಂದು. ಆ ಸಾಲನ್ನು ಅಲ್ಲಿ ಕೂರಿಸಿದವಳು ಅವಳೇ, ಏಕೆಂದರೆ ಆ ಆಸ್ಪತ್ರೆಯ ಕಂಪ್ಯೂಟರ್ ರೂಮಿನಲ್ಲಿ ಕೂತು ಆ ವೆಬ್‌ಸೈಟನ್ನು ನೋಡಿಕೊಳ್ಳುವುದೇ ಅವಳ ಕೆಲಸ. ತೀರಾ ಆಗದವರಿಗೆಂದು ‘ಬೇರೆಯವರು ತುಂಬುತ್ತಿದ್ದಾರೆ’ ಎಂಬ ಚೌಕವೊಂದಿತ್ತು. ಅದರಲ್ಲಿ ಗುರುತು ಹಾಕಲು ಅಪ್ಪ ಸತ್ತರೂ ಒಪ್ಪುವವನಲ್ಲ. ಅರ್ಧ ಊರಿಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ಆತ.

ಬೆರಳು ಇಳಿಯಿತು, ಪಕ್ಕದ ಕೀಲಿಗೆ. ಅಪ್ಪ ಅಳಿಸಿದ. ಮತ್ತೆ ಒತ್ತಿದ, ಈ ಸಲ ಬೆರಳು ಎತ್ತಲಾಗದೆ ಒಂದೇ ಅಕ್ಷರ ಸಾಲಾಗಿ ಓಡಿತು. ಒಂದೊಂದಾಗಿ ಎಲ್ಲವನ್ನೂ ಅಳಿಸಿದ. ಹೆಸರು ಮುಗಿದಿತ್ತು, ವಯಸ್ಸು ಮುಗಿದಿತ್ತು, ಯಾವ ಕೈ ಎಂಬುದು ಮುಗಿದಿತ್ತು, ಈ ಕೈಯಿಂದ ಮೊದಲು ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಬಂದಿದ್ದ. ಅಲ್ಲಿ ‘ಟೈ’ ಎಂದು ಬಿತ್ತು. ಅಪ್ಪನ ಕತ್ತಿನ ನರ ಉಬ್ಬಿತ್ತು. ಬಲಗೈ ತೊಡೆಯ ಮೇಲೆ ಯಾರೋ ಮರೆತು ಹೋದ ಚೀಲದ ಹಾಗೆ ಬಿದ್ದಿತ್ತು. ಅಷ್ಟರಲ್ಲಿ ಪುಟ ಬೆಳ್ಳಗಾಯಿತು. ಒಂದು ಕ್ಷಣ ಏನೂ ಇಲ್ಲ, ಆಮೇಲೆ ನಡುವೆ ಸಣ್ಣಗೆ, ‘ಕ್ಷಮಿಸಿ. ದಯವಿಟ್ಟು ಮೊದಲಿನಿಂದ ಆರಂಭಿಸಿ.’

ಅಪ್ಪ ಪರದೆಯನ್ನು ನೋಡಲಿಲ್ಲ, ತನ್ನ ಬೆರಳನ್ನು ನೋಡಿದ. ಹಾಗೆ ನೋಡಿದ್ದನ್ನು ಅವಳು ನೋಡಬಾರದಿತ್ತು.

“ಮತ್ತೆ ಹೋಯ್ತು,” ಎಂದ. ಪಾರ್ಶ್ವವಾಯುವಿನ ನಂತರ ಮಾತು ತುಸು ಎಳೆದಂತೆ ಬರುತ್ತಿತ್ತು. “ನಾನೇ ಏನೋ ಒತ್ತಿದೆ ಕಣೇ.”

“ಇಲ್ಲಪ್ಪ, ನೀನೇನೂ ಒತ್ತಿಲ್ಲ. ಅದು ಹಾಗೇ ಹೋಗುತ್ತೆ.”

“ಹಾಗೇ ಯಾಕೆ ಹೋಗುತ್ತೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಂಗೆ ಆ ಮಾತು ಕಲಿಸ್ಬೇಡ.”

ಅವಳು ತಡೆಯುವಷ್ಟರಲ್ಲಿ ಅವನು ಫೋನಿನಲ್ಲಿ ಸಹಾಯವಾಣಿಯ ಗುಂಡಿ ಒತ್ತಿದ್ದ. ಹಿಡಿದುಕೊಳ್ಳಲಾಗದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ದನಿ ಜೋರು ಮಾಡುವುದು ಅಭ್ಯಾಸವಾಗಿತ್ತು. ಆಚೆಯ ಹುಡುಗಿಯ ದನಿ ಮನೆಯೆಲ್ಲ ತುಂಬಿತು. “ತಾತ, ನೀವೇ ಏನೋ ತಪ್ಪು ಒತ್ತಿರ್ತೀರಿ. ವಯಸ್ಸಾದವರಿಗೆ ಹಾಗಾಗುತ್ತೆ. ಮನೇಲಿ ಚಿಕ್ಕವರು ಯಾರಾದ್ರೂ ಇದ್ರೆ ಅವರ ಕೈಗೆ ಕೊಡಿ, ಒಂದು ನಿಮಿಷದ ಕೆಲಸ.” ಹುಡುಗಿಯ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬರೆದುಕೊಟ್ಟದ್ದನ್ನು ಓದುತ್ತಿದ್ದಳು. ಬರೆದುಕೊಟ್ಟದ್ದು ಇವಳ ಕಂಪ್ಯೂಟರ್ ರೂಮಿನಿಂದಲೇ: ‘ಮೊದಲು ಬಳಸುವವರ ತಪ್ಪು ಎಂದೇ ಭಾವಿಸಿ ಮಾತು ಆರಂಭಿಸಿ.’ ಅಪ್ಪ ಫೋನಿನ ಕಡೆ ತಲೆ ಬಾಗಿಸಿ, ಪಾಠ ಒಪ್ಪಿಸಲಾಗದ ವಿದ್ಯಾರ್ಥಿಯ ದನಿಯಲ್ಲಿ, “ಹೌದಮ್ಮ, ನಂದೇ ತಪ್ಪು,” ಎಂದ.

ಅವಳಿಗೆ ಲೋಟವನ್ನು ಗೋಡೆಗೆ ಬೀಸಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಟೀಯನ್ನು ಅವನ ಎಡಗೈಗೆ ನಿಲುಕುವಂತೆ ಇಟ್ಟಳು. ಅಪ್ಪ ಕುಡಿಯದೆ, “ಇನ್ನು ಬೇಡ ಬಿಡು ಪುಟ್ಟಿ. ಅರ್ಜಿ ತುಂಬೋಕಾಗದ ಕೈಗೆ ಚಿಕಿತ್ಸೆ ಏನು ಕೊಡ್ತಾರೆ ಅವರು. ನಾನು ಇನ್ನು ಇದರ ಮುಂದೆ ಕೂರಲ್ಲ,” ಎಂದ. ಕೂರುವುದಿಲ್ಲ ಎಂದರೆ ಕೂರುವುದಿಲ್ಲ, ಆ ಹಟವನ್ನು ಅವಳು ಬಲ್ಲಳು. ಮೊದಲ ಕೆಲವು ತಿಂಗಳು ಬಿಟ್ಟರೆ ಕೈ ಆಮೇಲೆ ಕಲಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದು ಅವನಿಗೂ ಗೊತ್ತು. ನೆಲ ಡೊಂಕಿದೆ ಅಪ್ಪ, ನಿಜಕ್ಕೂ ಡೊಂಕಿದೆ, ಡೊಂಕನ್ನು ಸರಿಮಾಡದೆ ಕುಣಿಯುವವರ ಕಾಲಿಗೆ ಹಗ್ಗ ಕಟ್ಟಿದವಳು ನಾನು ಎಂದು ಹೇಳಲು ಬಾಯಿ ತೆರೆದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಇವತ್ತು ಮಧ್ಯಾಹ್ನ ಡಾಕ್ಟರಮ್ಮನ ಸಮಿತಿಯ ಮುಂದೆ ಹೊಸ ವೆಬ್‌ಸೈಟನ್ನು ತೋರಿಸುವುದಿತ್ತು, ತೋರಿಸಬೇಕಾದವಳು ಅವಳೇ.

ಹಳೆಯದು ಚೆನ್ನಾಗಿಯೇ ಇತ್ತಲ್ಲ ಎಂದು ಬಸ್ಸಿನ ಕಂಬಕ್ಕೆ ಜೋತು ಅವಳು ಯಾರಿಗೋ ಉತ್ತರ ಕೊಡುವವಳಂತೆ ಯೋಚಿಸಿದಳು. ಹಳೆಯದು ಕುರೂಪಿಯಾಗಿತ್ತು, ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚುತ್ತಿತ್ತು. ಅಪ್‌ಗ್ರೇಡ್ ಆದ ದಿನ ಕಂಪ್ಯೂಟರ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೊಸದರಲ್ಲಿ ಬಣ್ಣ, ಹೊಸದರಲ್ಲಿ ತುಂಬಿದ್ದನ್ನು ರದ್ದುಮಾಡುತ್ತ ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಹೋಗುವ ಸೌಲಭ್ಯ, ಹೊಸದರಲ್ಲಿ ಏನುಂಟು ಏನಿಲ್ಲ. ಮೂಗಿಗಿಂತ ಮೂಗುತಿ ಭಾರವಾಯಿತೆಂದು ತಿಳಿದದ್ದು ಆಮೇಲೆ. ಯಂತ್ರ ಕೆಲಸ ಮಾಡುವಾಗ ಕೈಗೆ ಬೇಕಾದ್ದನ್ನು ಹರಡಿಕೊಳ್ಳುವ ಜಾಗ, ಮೆಮೊರಿ, ಕೆಲಸ ಮುಗಿದೊಡನೆ ಖಾಲಿಯಾಗಬೇಕಾದದ್ದು, ಖಾಲಿಯಾಗದೆ ಏರತೊಡಗಿತು. ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನಕ್ಕೆ ಇನ್ನಷ್ಟು. ಪರದೆಯ ಮೇಲಿನ ಗೆರೆ ಮೆಟ್ಟಿಲು ಹತ್ತಿದಂತೆ ಹತ್ತಿ, ಕೆಂಪು ಗುರುತು ಮುಟ್ಟಿ, ಇಡೀ ವೆಬ್‌ಸೈಟು ಕುಸಿದು ಬೀಳುತ್ತಿತ್ತು. ಯಾಕೆ ಎಂದು ಹುಡುಕಲು ಅವಳು ಸಮಯ ಕೇಳಿದಳು. ಅವಳ ಮೇಲಿನವರು, ಯಾವುದಕ್ಕೂ ‘ಸಮಾಧಾನ, ಸಮಾಧಾನ’ ಎನ್ನುವುದರಿಂದ ರೂಮಿಗೆಲ್ಲ ಸಮಾಧಾನ ಸಾಹೇಬರೇ ಆಗಿಹೋದವರು, ಅವಳ ಕುರ್ಚಿಯ ಹಿಂದೆ ನಿಂತು ಗೆರೆಯನ್ನು ಬಹಳ ಹೊತ್ತು ನೋಡಿದರು. “ಕೆಂಪು ಮುಟ್ಟಿದ್ರೆ ತಾನೇ ತೊಂದರೆ? ಮುಟ್ಟೋಕೆ ಮುಂಚೆ ಅದೇ ರೀಸ್ಟಾರ್ಟ್ ಆಗೋ ಹಾಗೆ ಮಾಡಿಬಿಡಿ. ಸದ್ಯಕ್ಕೆ.” ಅವಳು ಮಾಡಿಬಿಟ್ಟಳು. ಒಂದೇ ಸಾಲಿನ ಕೆಲಸ. ಗೆರೆ ಏರುತ್ತಿತ್ತು, ಗುರುತಿನ ಹತ್ತಿರ ಬಂದು ದೊಪ್ಪನೆ ನೆಲಕ್ಕಿಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಕೆಂಪು ಎಂದೂ ಹತ್ತಲಿಲ್ಲ. ಮೇಲಿನವರಿಗೆ ಹೋದ ವರದಿಯಲ್ಲಿ ‘ಅಪ್‌ಗ್ರೇಡಿನ ನಂತರ ಒಮ್ಮೆಯೂ ಸ್ಥಗಿತಗೊಂಡಿಲ್ಲ’ ಎಂಬ ಸಾಲು ಸೇರಿತು. ತಿಪ್ಪೆ ಸಾರಿಸುವುದಕ್ಕೂ ಒಂದು ಜಾಣತನ ಬೇಕು. ಪ್ರತಿ ಸಲ ಗೆರೆ ನೆಲಕ್ಕಿಳಿದಾಗ ಯಾರು ಯಾರು ಅರ್ಧ ತುಂಬಿ ಕೂತಿದ್ದರೋ ಅವರೆಲ್ಲರ ಪುಟ ಬೆಳ್ಳಗಾಗುತ್ತದೆಂದು ಅವಳಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದದ್ದು ಸಂಖ್ಯೆಯಾಗಿ ಮಾತ್ರ. ಸಂಖ್ಯೆಗೆ ಕತ್ತಿನ ನರ ಇರುವುದಿಲ್ಲ.

ಬಸ್ಸು ತಿರುವಿನಲ್ಲಿ ವಾಲಿತು. ಕೈ ನೋಡಬೇಡ ಎನ್ನುತ್ತಿದ್ದ ಅಪ್ಪ, ಇಪ್ಪತ್ತು ಟೈಪ್‌ರೈಟರುಗಳ ಸದ್ದಿನ ನಡುವೆ, ಅವಳ ಕೈಗಳ ಮೇಲೆ ಟವೆಲ್ ಮುಚ್ಚಿ. ಕಣ್ಣು ಕಾಗದದ ಮೇಲಿರಲಿ, ಬೆರಳಿಗೆ ದಾರಿ ಗೊತ್ತಿರುತ್ತೆ. ಅವನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಉದ್ದನೆಯ ಕೋಣೆಯಲ್ಲಿ ಕೊನೆಯ ಬೆಂಚಿನ ಬಡಗಿಯೊಬ್ಬನಿಗೆ ಗರಗಸ ಹಿಡಿದ ಬೆರಳುಗಳು ಮಡಚುತ್ತಲೇ ಇರಲಿಲ್ಲ. ಉಳಿದವರು ಮುಗಿಸಿ ಕಾಗದ ಎಳೆದು ಹೊರಟರೂ ಅಪ್ಪ ದೀಪ ಆರಿಸದೆ ಅವನಿಗಾಗಿ ಕೂತಿರುತ್ತಿದ್ದ, ಒಳಗಿನಿಂದ ಊಟಕ್ಕೆ ಕರೆ ಬಂದರೆ “ಅವನದು ಇನ್ನೂ ಮುಗಿದಿಲ್ಲ” ಎನ್ನುತ್ತಿದ್ದ. ಅದು ದೊಡ್ಡ ಔದಾರ್ಯವೆಂದು ಯಾರಿಗೂ ಅನ್ನಿಸಿರಲಿಲ್ಲ, ಮುಗಿಯದಿದ್ದರೆ ಕಾಯಬೇಕು, ಅಷ್ಟೇ. ಅವಳು ಮಾತ್ರ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದಳು. ಈಗಲೂ ಕಂಪ್ಯೂಟರ್ ರೂಮಿನಲ್ಲಿ ಅವಳಷ್ಟು ಬೇಗ ಒತ್ತುವವರಿಲ್ಲ, ಏನನ್ನಾದರೂ ಪರೀಕ್ಷಿಸಬೇಕಾದರೆ, ಯಾರಿಗಾದರೂ ತೋರಿಸಬೇಕಾದರೆ ಅವಳನ್ನೇ ಕೂರಿಸುತ್ತಾರೆ. ಹೊಸ ಅರ್ಜಿಯನ್ನು ಪರೀಕ್ಷಿಸಿದ್ದೂ ಅವಳೇ. ಮಡಿಚಿದ ಕೈ ಬಿಚ್ಚುವಷ್ಟರಲ್ಲಿ ತುಂಬಿ ಕಳಿಸಿದ್ದಳು, ಏನೂ ತೊಂದರೆ ಕಂಡಿರಲಿಲ್ಲ. ಅವಳ ಮನಸ್ಸು ಬೆಳಗಿನ ಆ ಬೆರಳಿಗೆ ಹಿಂತಿರುಗಿತು, ಒತ್ತಿ, ಅಳಿಸಿ, ಒತ್ತಿ, ಅಳಿಸಿ, ಮತ್ತು ಏನೋ ಒಂದು ಸಂಶಯ ಅವಳನ್ನು ಇಳಿಯುವ ಜಾಗಕ್ಕಿಂತ ಒಂದು ನಿಲ್ದಾಣ ಮುಂದಕ್ಕೆ ಒಯ್ದಿತು.

ರೂಮಿಗೆ ಬಂದು ಚೀಲವನ್ನೂ ಕೆಳಗಿಡದೆ ಪರೀಕ್ಷೆಯ ಯಂತ್ರದಲ್ಲಿ ಅರ್ಜಿ ತೆರೆದಳು, ಪಕ್ಕದಲ್ಲಿ ಮೆಮೊರಿಯ ಅಂಕಿ. ಎರಡು ಕೈಯಲ್ಲಿ ಎಂದಿನಂತೆ ಸರಸರನೆ ತುಂಬಿದಳು. ಅಂಕಿ ಚೂರು ಅಲುಗಿ, ಅರ್ಜಿ ಕಳಿಸಿದೊಡನೆ ಮೊದಲಿನ ಜಾಗಕ್ಕೆ ಬಂತು. ಆಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯ ಒಂದೇ ಬೆರಳಿನಲ್ಲಿ ಅಪ್ಪನ ಹಾಗೆ ಒತ್ತಿದಳು. ತಪ್ಪು ಅಕ್ಷರ. ಅಳಿಸಿದಳು. ಸಾಲಾಗಿ ಓಡಿದ ಅಕ್ಷರ. ಒಂದೊಂದಾಗಿ ಅಳಿಸಿದಳು. ಅಂಕಿ ಏರಿತು. ಇನ್ನೊಮ್ಮೆ ಅಳಿಸಿದಳು, ಇನ್ನೂ ಏರಿತು. ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಹೋಗುವ ಆ ಸೌಲಭ್ಯ! ಪ್ರತಿ ಒತ್ತಿಗೂ ಪ್ರತಿ ಅಳಿಸುವಿಕೆಗೂ ಇಡೀ ಅರ್ಜಿಯದೊಂದು ನಕಲು ತೆಗೆದು, ಕಳಿಸುವ ಗುಂಡಿ ಒತ್ತುವವರೆಗೂ ಎತ್ತಿಟ್ಟುಕೊಳ್ಳುತ್ತಿತ್ತು ಹೊಸದು. ಬೇಗ ತುಂಬುವವರದು ಬೇಗ ಖಾಲಿ. ನಡುಗುವ ಕೈಯವರು, ಒಂದು ಪದಕ್ಕೆ ಹತ್ತು ಸಲ ಅಳಿಸುವವರು, ತುಂಬುತ್ತಾ ಹೋದಷ್ಟೂ ನಕಲಿನ ರಾಶಿ ಬೆಳೆದು, ಗುರುತು ಮುಟ್ಟಿ, ಅವಳು ಬರೆದ ಆ ಒಂದು ಸಾಲು ಎದ್ದು ಅವರನ್ನೇ ಹೊರಗೆ ತಳ್ಳುತ್ತಿತ್ತು. ಹೊರಗೆ ಬಿದ್ದವರು ಮತ್ತೆ ಮೊದಲಿನಿಂದ ಒತ್ತುವರು, ಮತ್ತೆ ಅಳಿಸುವರು, ಮತ್ತೆ ರಾಶಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಕೇಳಿದ್ದಳು, ಇಲ್ಲಿ ಜ್ವರ ಬರಿಸಿದ್ದೂ ನಾವೇ, ಬರೆ ಹಾಕಿದ್ದೂ ನಾವೇ, ಆಮೇಲೆ ಸಹಾಯವಾಣಿಯಲ್ಲಿ ಎಮ್ಮೆಗೇ ಬುದ್ಧಿವಾದ. ಕಾರಣ ಸಿಕ್ಕಿದ ಖುಷಿ ಒಂದು ಗಳಿಗೆ ಎದೆಯಲ್ಲಿ ಎದ್ದಿತ್ತು, ಅದನ್ನು ಕಂಡು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಮಾಧಾನ ಸಾಹೇಬರು ಮಧ್ಯಾಹ್ನದ ಸಭೆಗೆ ತಲೆ ಬಾಚಿಕೊಳ್ಳುತ್ತಿದ್ದರು.

“ಸರ್, ಮೆಮೊರಿ ಯಾಕೆ ಏರ್ತಿದೆ ಅಂತ ಗೊತ್ತಾಯ್ತು.”

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೊದಲು ಸಮಾಧಾನ.”

ಅವಳು ನಿಂತೇ ಎಲ್ಲವನ್ನೂ, ಬೆಳಿಗ್ಗೆ ಅಪ್ಪನ ಅರ್ಜಿಗಾದದ್ದನ್ನೂ ಹೇಳಿದಳು. ಅವರು ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆಯುತ್ತ ಕೇಳಿದರು. ಅವರು ದಡ್ಡರಲ್ಲ, ಮಾತು ಅರ್ಧವಾಗುವಷ್ಟರಲ್ಲಿ ಅವರಿಗೆ ಅರ್ಥವಾದದ್ದು ಕಾಣಿಸಿತು. ಅದೇ ಅವಳನ್ನು ಹೆಚ್ಚು ಕೆರಳಿಸಿತು.

“ಅಂದ್ರೆ, ನಿಧಾನವಾಗಿ ತುಂಬೋರೇ ಸಮಸ್ಯೆ ಅಂತಾಯ್ತು. ಹಾಗಿದ್ರೆ ಸುಲಭ. ಅರ್ಜಿಗೆ ಸಮಯದ ಮಿತಿ ಹಾಕಿ. ಅಷ್ಟರೊಳಗೆ ಮುಗಿಸದೇ ಇದ್ದವರಿಗೆ ವಿನಯವಾಗಿ ಒಂದು ಮಾತು ತೋರಿಸಿ ಹೊರಗೆ ಕಳಿಸಿ. ಬೇರೆಯವರಿಗಾದ್ರೂ ಅನುಕೂಲ ಆಗುತ್ತೆ.”

“ಬೇರೆಯವರು ಅಂದ್ರೆ ಯಾರು ಸರ್? ಚಕಚಕ ಅಂತ ತುಂಬೋ ಕೈ ಇರೋರು ಈ ಆಸ್ಪತ್ರೆಗೆ ಯಾಕೆ ಬರ್ತಾರೆ?”

ಅವರು ನಕ್ಕರು. ಬೆಣ್ಣೆಯಿಂದ ಕೂದಲು ತೆಗೆದಂಥ ನಗು. “ನೀವು ಮನಸ್ಸಿಗೆ ತಗೊಳ್ತೀರಿ. ಅದೇ ನಿಮ್ಮ ತೊಂದರೆ.”

“ಹಳೇದಕ್ಕೆ ವಾಪಸ್ ಹೋಗೋಣ. ಇವತ್ತೇ ಮಾಡ್ತೀನಿ. ನೀವು ಹೂಂ ಅಂದ್ರೆ ಸಾಕು.”

“ಒಮ್ಮೆಯೂ ನಿಂತಿಲ್ಲ ಅಂತ ವರದಿ ಮೇಲೆ ಹೋಗಿದೆ. ಈಗ ವಾಪಸ್ ಹೋದ್ರೆ ಅದು ಸುಳ್ಳು ಅಂತಾಗುತ್ತೆ.”

“ಸುಳ್ಳೇ ಅಲ್ವಾ ಸರ್?”

ಬಾಚಣಿಗೆ ನಿಂತಿತು. ಆಮೇಲೆ ಅವರು ದನಿ ತಗ್ಗಿಸಿ, ಮನೆಯ ಹಿರಿಯರ ಹಾಗೆ, “ನಿಮ್ಮ ತಂದೆಯವರದು ತಾನೇ? ಮೊದಲೇ ಹೇಳಬಾರದಾ ಮಾರಾಯ್ರೆ. ಡಾಕ್ಟರಮ್ಮನಿಗೆ ಒಂದು ಮಾತು ಹೇಳಿ ನೇರವಾಗಿ ಸೇರಿಸ್ತೀನಿ, ಅರ್ಜಿನೂ ಬೇಡ ಏನೂ ಬೇಡ. ಮಧ್ಯಾಹ್ನದ ಸಭೆ ಒಂದು ಮುಗೀಲಿ. ನೀವು ಎಂದಿನ ಹಾಗೆ ಪಟಪಟ ಅಂತ ತುಂಬಿ ತೋರಿಸಿಬಿಡಿ. ನಿಮ್ಮಷ್ಟು ವೇಗ ಯಾರಿಗಿದೆ?” ಎಂದರು.

“ಥ್ಯಾಂಕ್ಸ್ ಸರ್,” ಎಂದಳು.

ಎಂದದ್ದು ಅವಳಿಗೇ ಕೇಳಿಸಿದ್ದು ಕಾರಿಡಾರಿಗೆ ಬಂದ ಮೇಲೆ. ಥ್ಯಾಂಕ್ಸ್! ಯಾವುದಕ್ಕೆ? ಹೊರರೋಗಿಗಳು ಕೂರುವ ಜಾಗದಲ್ಲಿ ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು. ಒಬ್ಬ ಹೆಂಗಸು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಗೆಣ್ಣಿನಿಂದ ಅಕ್ಷರ ಒತ್ತುತ್ತಿದ್ದಳು, ಒತ್ತಿ, ತಲೆ ಅಲ್ಲಾಡಿಸಿ, ಅಳಿಸುತ್ತಿದ್ದಳು. ಅವಳ ಮಡಿಲಲ್ಲಿ ಬೆಳಗುತ್ತಿದ್ದ ಪುಟ ಯಾವುದೆಂದು ನೋಡದೆಯೇ ಗೊತ್ತಾಯಿತು. ಅಪ್ಪ ಹಿಂಬಾಗಿಲಿಂದ ಒಳಗೆ ಬಂದುಬಿಟ್ಟರೆ? ಬರಲಿ, ಕೈ ಕಲಿಯಲಿ, ಉಳಿದದ್ದು ಯಾರಿಗೆ ಬೇಕು ಎಂದು ಅವಳೊಳಗಿನ ಒಂದು ದನಿ ನಾಚಿಕೆಯಿಲ್ಲದೆ ಹೇಳಿತು, ಅದೂ ಅವಳದೇ ದನಿ, ಅದನ್ನು ಅವಳು ಅಲ್ಲಗಳೆಯಲಿಲ್ಲ. ಆದರೆ ಬಂದರೂ ಅವನು ‘ನಂದೇ ತಪ್ಪು’ ಎಂಬುದನ್ನು ಹೊತ್ತುಕೊಂಡೇ ಬರುತ್ತಾನೆ. ಅರ್ಜಿ ತುಂಬಲಾಗದವನೆಂದು ಮಗಳು ಹೇಳಿಸಿ ಸೇರಿಸಿದ ಮೇಷ್ಟ್ರು. ಆ ಹೆಂಗಸಿಗೆ ಹೇಳಿಸಲು ಯಾರಿದ್ದಾರೆ? ಆ ಹೆಂಗಸು ಇದ್ದಕ್ಕಿದ್ದಂತೆ ಗೆಣ್ಣನ್ನು ಎತ್ತಿ ಹಿಡಿದು, ಫೋನನ್ನು ನೋಡದೆ, ಗೆಣ್ಣನ್ನು ನೋಡಿಕೊಂಡಳು.

ಸಭೆಯ ಕೋಣೆಯಲ್ಲಿ ಗೋಡೆಯಷ್ಟು ಪರದೆ. ದೊಡ್ಡ ಡಾಕ್ಟರಮ್ಮ ನಡುವಿನ ಕುರ್ಚಿಯಲ್ಲಿ, ಕನ್ನಡಕ ತಲೆಯ ಮೇಲೆ, ಸಮಿತಿಯವರು ಅಕ್ಕಪಕ್ಕ. ಸಮಾಧಾನ ಸಾಹೇಬರು ಒಮ್ಮೆಯೂ ನಿಂತಿಲ್ಲದ ವೆಬ್‌ಸೈಟಿನ ಬಗ್ಗೆ ಮಾತಾಡಿದರು, ಪರೀಕ್ಷೆಯ ಯಂತ್ರವಲ್ಲ, ಈಗ ರೋಗಿಗಳು ಬಳಸುತ್ತಿರುವುದನ್ನೇ ನೇರವಾಗಿ ತೋರಿಸುತ್ತೇವೆ ಎಂದರು. ಗೆರೆ ಈ ಹೊತ್ತಿಗೆ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಊಟ ಮುಗಿಸಿ ಊರೆಲ್ಲ ಅರ್ಜಿ ತುಂಬುವ ಹೊತ್ತು. ಅವಳು ಕುರ್ಚಿ ಎಳೆದು ಕೂತಳು. ಬೆರಳುಗಳು ತಾವಾಗಿಯೇ ತಮ್ಮ ತಮ್ಮ ಕೀಲಿಗಳ ಮೇಲೆ ಹೋಗಿ ಕಾಯತೊಡಗಿದವು, ಅಪ್ಪ ಕಲಿಸಿದ ಜಾಗದಲ್ಲಿ. ಅವಳು ಬಲಗೈಯನ್ನು ತೆಗೆದು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತಳು.

ಎಡಗೈಯ ತೋರುಬೆರಳು. ಅಪ್ಪನ ಹೆಸರಿನ ಮೊದಲ ಅಕ್ಷರ. ಪಕ್ಕದ ಕೀಲಿಗೆ ಬಿತ್ತು. ಅಳಿಸಿದಳು. ಬೇಕೆಂದು ಮಾಡಿದ್ದಲ್ಲ, ಎಡಗೈ ನಿಜಕ್ಕೂ ತಡವರಿಸುತ್ತಿತ್ತು. ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು. ಹೆಸರಿನ ಎರಡನೆಯ ಅಕ್ಷರಕ್ಕೆ ಬರುವಾಗ ಕಿವಿ ಬಿಸಿಯಾಗಿತ್ತು. ಇಷ್ಟು ಜನ ನೋಡುತ್ತಿರುವಾಗ ನಿಧಾನವಾಗಿರುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ.

“ಕೈಗೇನಾಯ್ತಮ್ಮ?” ಎಂದರು ಡಾಕ್ಟರಮ್ಮ.

“ನನ್ನ ಕೈಗೆ ಏನೂ ಆಗಿಲ್ಲ ಮೇಡಂ.”

“ಎರಡೂ ಕೈಯಲ್ಲಿ ಮಾಡಿ,” ಸಮಾಧಾನ ಸಾಹೇಬರು ಬಗ್ಗಿ ಹೇಳಿದರು, ಹಲ್ಲಿನ ಸಂದಿಯಿಂದ. “ಎಲ್ಲರಿಗೂ ಕೆಲಸ ಇದೆ.”

“ಅವಸರವಿಲ್ಲ ಅಂತ ಬರೆದಿದೆ ಸರ್.”

ಗೋಡೆಯ ಮೇಲೆ ಆ ಸಾಲು ಆಳೆತ್ತರದ ಅಕ್ಷರಗಳಲ್ಲಿ ಇತ್ತು. ಎಲ್ಲರೂ ಅದನ್ನು ಓದಿದರು. ಅವಳು ಒತ್ತಿದಳು, ಅಳಿಸಿದಳು. ವಯಸ್ಸು. ಯಾವ ಕೈ. ಒಬ್ಬರು ಗಡಿಯಾರ ನೋಡಿದರು, ಇನ್ನೊಬ್ಬರು “ಇದು ಯಾಕಿಷ್ಟು…” ಎಂದು ನಿಲ್ಲಿಸಿದರು. ಡಾಕ್ಟರಮ್ಮ ಮಾತ್ರ ಕನ್ನಡಕ ಇಳಿಸಿಕೊಂಡು ಪರದೆಯನ್ನಲ್ಲ, ಅವಳ ಬೆರಳನ್ನು ನೋಡುತ್ತಿದ್ದರು. ದಿನವೂ ಅಂಥ ಬೆರಳುಗಳನ್ನೇ ನೋಡುವವರು. ಈ ಕೈಯಿಂದ ಮೊದಲು ಏನು ಮಾಡುತ್ತಿದ್ದಿರಿ? ‘ಟೈ’ ಎಂದು ಬಿತ್ತು. ಮುಂದಿನ ಅಕ್ಷರ ತಪ್ಪಿತು, ಅಳಿಸಿದಳು, ಮತ್ತೆ ತಪ್ಪಿತು. ತೊಡೆಯ ಕೆಳಗೆ ಬಲಗೈ ಜೋಮು ಹಿಡಿದಿತ್ತು. ‘ಟೈಪಿಂ’ ಎಂಬಷ್ಟು ಬಂದು ಅವಳು ಕೊನೆಯ ಅಕ್ಷರಕ್ಕೆ ಬೆರಳು ಎತ್ತಿದಾಗ ಗೋಡೆ ಬೆಳ್ಳಗಾಯಿತು.

ಕೋಣೆಯ ತುಂಬ ಆ ಬಿಳಿಯ ಬೆಳಕು ಎಲ್ಲರ ಮುಖದ ಮೇಲೆ ಬಿತ್ತು. ‘ಕ್ಷಮಿಸಿ. ದಯವಿಟ್ಟು ಮೊದಲಿನಿಂದ ಆರಂಭಿಸಿ.’ ಬೆರಳು ಇನ್ನೂ ಗಾಳಿಯಲ್ಲಿತ್ತು. ಎಲ್ಲ ಗೊತ್ತಿದ್ದವಳು, ರೀಸ್ಟಾರ್ಟಿನ ಆ ಸಾಲನ್ನು ತಾನೇ ಬರೆದವಳು, ಇದಕ್ಕಾಗಿಯೇ ಕಾದು ಕೂತಿದ್ದವಳು, ಆದರೂ ಅವಳ ಕಣ್ಣು ಮೊದಲು ಹೋದದ್ದು ತನ್ನ ಬೆರಳಿನ ಕಡೆಗೆ.

“ನೀವೇ ಏನೋ ತಪ್ಪು ಒತ್ತಿರಬೇಕು,” ಎಂದರು ಸಮಾಧಾನ ಸಾಹೇಬರು, ಅಭ್ಯಾಸಬಲದಿಂದ, ನಗುತ್ತ, ಸಮಿತಿಯವರ ಕಡೆ ತಿರುಗಿ.

“ಇಲ್ಲ,” ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ನಾನೇನೂ ತಪ್ಪು ಒತ್ತಿಲ್ಲ.”

ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು. ಅವಳು ಬಲಗೈಯನ್ನು ತೊಡೆಯ ಕೆಳಗಿನಿಂದ ತೆಗೆಯದೆ, ಅಪ್ಪನ ಹೆಸರಿನ ಮೊದಲ ಅಕ್ಷರವನ್ನು ಮತ್ತೆ ಹುಡುಕತೊಡಗಿದಳು.